ಸಾವಿರ ಕಿಲೋಮೀಟರಿಗೆ ಒಂದು ಲೀಟರ್

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಾರು ಸರ್ವೀಸ್ ಶೆಡ್ಡಿನ ಅಂಗಳದಲ್ಲಿ ಹನ್ನೊಂದು ಗಾಡಿಗಳು ಬಾನೆಟ್ ತೆರೆದುಕೊಂಡು ಸಾಲಾಗಿ ನಿಂತಿವೆ, ಹಲ್ಲಿನ ಡಾಕ್ಟರ ಮುಂದೆ ‘ಆ’ ಎಂದು ಕೂತವರ ಹಾಗೆ. ಒಂದರಲ್ಲೂ ಉಸಿರಿಲ್ಲ. ಒಂದು ಟಾರ್ಚಿನ ಬೆಳಕು ಮಾತ್ರ ಈ ಬಾಯಿಂದ ಆ ಬಾಯಿಗೆ ದಾಟುತ್ತಿದೆ. ಟಾರ್ಚು ಹಿಡಿದವರು ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬಂದಿದ್ದಾರೆ. ಗಾಡಿಗಳಿಗೆ ಎಚ್ಚರವಾಗಬಾರದು ಎಂಬಂತೆ ಬರಿಗಾಲಲ್ಲಿ ನಡೆಯುತ್ತಾರೆ.

ಪ್ರತಿ ಗಾಡಿಯ ಮುಂದೆಯೂ ಅವರು ಮೊದಲು ಬಗ್ಗಿ, ನೆಲದ ಮೇಲೆ ಒಂದು ಗಾಜಿನ ಗೋಲಿ ಇಡುತ್ತಾರೆ. ಗೋಲಿ ಅಲುಗದಿದ್ದರೆ ಕೆಲಸ ಮುಂದುವರಿಯುತ್ತದೆ. ಇಂಜಿನ್ನಿನೊಳಗಿಂದ ಎಣ್ಣೆಯ ಮಟ್ಟ ತೋರುವ ಉದ್ದನೆಯ ಅಳತೆ ಕಡ್ಡಿಯನ್ನು ಎಳೆದು, ಹಳೆ ಹಾಸಿಗೆ ಬಟ್ಟೆಯ ಚೂರಿನಲ್ಲಿ ಒರೆಸಿ, ಮತ್ತೆ ಅದ್ದಿ, ಮತ್ತೆ ಎಳೆದು, ಟಾರ್ಚಿಗೆ ಹಿಡಿಯುತ್ತಾರೆ. ಮೂರನೆಯ ಗಾಡಿಯ ಮುಂದೆ ಗೋಲಿ ಒಂದು ಗೇಣು ಉರುಳಿ ನಿಂತಿತು. ಅವರು ಕಡ್ಡಿಯನ್ನು ಮುಟ್ಟಲೂ ಇಲ್ಲ.

“ಇದು ಮೇಸ್ತ್ರಿ ಬಂದ ಮೇಲೆ. ಸಮ ಜಾಗಕ್ಕೆ ತಳ್ಳಿಸಿ ನೋಡ್ತೀನಿ. ರಾತ್ರಿಯೆಲ್ಲ ಎಣ್ಣೆ ಕೆಳಗಿಳಿದು ಕೂತಿರುತ್ತೆ. ಯಾರಾದ್ರೂ ಒಂದ್ಸಲ ಸ್ಟಾರ್ಟ್ ಮಾಡಿದ್ರೆ ಮುಗೀತು, ಎಲ್ಲಾ ಮೇಲಕ್ಕೆ ಹತ್ತಿಬಿಡುತ್ತೆ. ಗಾಡಿ ನಿಜ ಹೇಳೋದು ಈ ಹೊತ್ತಲ್ಲೇ.”

ಶೆಡ್ಡಿನಲ್ಲಿ ಎಲ್ಲರಿಗೂ ಅವರು ಅಳತೆ ಅಕ್ಕ. ವಯಸ್ಸು ಐವತ್ಮೂರು. ಮಾತೆಲ್ಲ ಕಡ್ಡಿ ಮುರಿದಂತೆ; ಕಡ್ಡಿಯನ್ನು ಮಾತ್ರ ಈವರೆಗೆ ಮುರಿದವರಲ್ಲ. ಗಂಡ ಇದೇ ಶೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬಣ್ಣದ ಹೊಗೆ ಎದೆ ಸೇರಿ ಹಾಸಿಗೆ ಹಿಡಿದಾಗ ಅಕ್ಕ ಎಣ್ಣೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದರು. ಅದಾಗಿ ಇಪ್ಪತ್ತಾರು ವರ್ಷ. ಗಂಡ ಹೋದರು, ಮಗಳು ಮದುವೆಯಾಗಿ ಬೇರೆ ಊರು ಸೇರಿದಳು. ಮನೆಯಲ್ಲಿ ಈಗ ಅಕ್ಕ ಮತ್ತು ಅತ್ತೆ.

ಒಗೆಯುತ್ತ ಒಗೆಯುತ್ತಲೇ ಎಣ್ಣೆಯ ಜಾತಕ ತಿಳಿಯಿತು. ಎರಡು ಬೆರಳ ನಡುವೆ ತಿಕ್ಕಿ, ಮೂಗಿಗೆ ಹಿಡಿದು, ಇದು ಎಷ್ಟು ಓಡಿದ ಎಣ್ಣೆ ಎಂದು ಹೇಳಬಲ್ಲರು. ಗಾಡಿಗೊಂದರಂತೆ ಅವರ ಬಳಿ ಈಗ ಎರಡು ಸಾವಿರದ ನೂರಾ ನಲವತ್ತು ಕಾರ್ಡುಗಳಿವೆ, ಷೂ ಡಬ್ಬಿಗಳಲ್ಲಿ. ಎಷ್ಟು ಓಡಿತು, ಎಷ್ಟು ಕುಡಿಯಿತು, ಮತ್ತೆ ಯಾವಾಗ ಬರಬೇಕು, ಎಲ್ಲ ಅದರಲ್ಲಿ. ಮರ್ಯಾದಸ್ತ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ ಫೋನು. ಕುಡುಕ ಗಾಡಿಗಳ ಕಾರ್ಡಿಗೆ ಕೆಂಪು ದಾರ, ಅವುಗಳಿಗೆ ತಿಂಗಳಿಗೊಮ್ಮೆ. “ಮನುಷ್ಯರ ಎಣ್ಣೆ ಚಟ ಬಿಡಿಸೋಕೆ ಎಷ್ಟೋ ಜನ ಇದಾರೆ. ಇವುಕ್ಕೆ ನಾನೊಬ್ಳೇ.”

ಒಂಬತ್ತಕ್ಕೆ ಫೋನು ಶುರು. ದಿನಕ್ಕೆ ಎಪ್ಪತ್ತು ಕರೆ. ನಲವತ್ತು ಜನ ಎತ್ತುತ್ತಾರೆ, ಇಪ್ಪತ್ತು ಜನ ನಾಳೆ ಬರುತ್ತೇವೆ ಎನ್ನುತ್ತಾರೆ, ಆರು ಜನ ಬರುತ್ತಾರೆ. ಉಳಿದವರ ಬೈಗುಳವನ್ನು ಅಕ್ಕ ಅವರವರ ದನಿಯಲ್ಲೇ ಮರುಪ್ರಸಾರ ಮಾಡಬಲ್ಲರು. ಮೂಗಿನಲ್ಲಿ ಮಾತಾಡುವ ವಕೀಲರು: “ನೋಟೀಸ್ ಕಳ್ಸಿ, ಆಮೇಲೆ ನೋಡೋಣ.” ಪಿಸುಗುಟ್ಟುವ ಮ್ಯಾನೇಜರು: “ಮೀಟಿಂಗಲ್ಲಿದೀನಿ ಕಣ್ರೀ.” ಅದೆಂಥ ಮೀಟಿಂಗೋ, ಹಿಂದೆ ಯಾರದೋ ಗೊರಕೆ ಕೇಳುತ್ತಿರುತ್ತದೆ. ತಾನೇ ಮೆಸೇಜು ಕಳಿಸುವ ಕಂಪ್ಯೂಟರೊಂದನ್ನು ಶೆಡ್ಡಿನ ಧಣಿ ತಂದಿಟ್ಟಿದ್ದಾರೆ. ಅದಕ್ಕೂ ಅಕ್ಕನಿಗೂ ಎಣ್ಣೆ ಸೀಗೆಕಾಯಿ. “ಅದು ಕಳ್ಸುತ್ತೆ, ಸರಿ. ಓದಿದ್ರೋ ಇಲ್ವೋ ಅನ್ನೋ ಚಿಂತೆ ಅದಕ್ಕಿದ್ಯಾ?”

ಚಿಂತೆ ಅಕ್ಕನಿಗೆ ಅಂಟಿದ್ದು ಮೂರು ವರ್ಷದ ಹಿಂದೆ. ಅದನ್ನೂ ಪೇಪರಿನ ಈ ಬರಹದಲ್ಲಿ ಹಾಕಲೇಬೇಕೆಂಬುದು ಅವರದೇ ಹಟ.

ಆಸ್ಪತ್ರೆಗಳ ಹಾಸಿಗೆ ಬಟ್ಟೆ ಸಾಗಿಸುವ ವ್ಯಾನು ಅದು. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಎಣ್ಣೆ ಕುಡಿಯುವ ಮಟ್ಟಕ್ಕೆ ಇಳಿದಿತ್ತು. ಅದು ಗೊತ್ತಾಗಬೇಕಾಗಿದ್ದ ಬೆಳಿಗ್ಗೆ ಗಾಡಿ ನಿಂತಿದ್ದದ್ದು ತೊಳೆಯುವ ಕಟ್ಟೆಯ ಮೇಲೆ, ಮೂತಿ ಕೆಳಗಾಗಿ. ಎಣ್ಣೆಯೆಲ್ಲ ಮುಂದಕ್ಕೆ ಹರಿದು ಕಡ್ಡಿಯನ್ನು ಮೇಲಿನ ಗೆರೆಯವರೆಗೆ ನೆನೆಸಿತ್ತು. ಅಕ್ಕ ‘ಭರ್ತಿ’ ಎಂದು ಬರೆದು ಕಾರ್ಡನ್ನು ಆರು ತಿಂಗಳ ಡಬ್ಬಿಗೆ ಹಾಕಿದರು. ಎಣ್ಣೆ ಇಳಿದರೆ ಹತ್ತಬೇಕಾದ ಎಚ್ಚರಿಕೆ ದೀಪವೂ ಸುಟ್ಟುಹೋಗಿತ್ತು. ಎರಡು ತಿಂಗಳ ನಂತರ ಸೇತುವೆಯ ತಿರುವಿನಲ್ಲಿ ಎಣ್ಣೆ ಬತ್ತಿದ ಇಂಜಿನ್ ತಿರುಗದೆ ಹಿಡಿದುಕೊಂಡಿತು, ಸ್ಟಿಯರಿಂಗ್ ಕಲ್ಲಾಯಿತು. ಗಾಡಿಯ ಮಾಲೀಕನೂ ಆಗಿದ್ದ ಚಾಲಕ ಉಳಿಯಲಿಲ್ಲ.

“ಎಲ್ರೂ ಅಂದ್ರು, ಕಡ್ಡೀನ ಗುಡ್ಡ ಮಾಡ್ಬೇಡ ಅಂತ. ನಂಗೆ ಅವತ್ತಿಂದ ಕಡ್ಡೀನೇ ಗುಡ್ಡ.” ಗೋಲಿ ಬಂದದ್ದು ಆಗಲೇ.

ಮಾಲೀಕರು ತೀರಿಹೋದರೆ ಕಾರ್ಡಿನ ಮೂಲೆ ಕತ್ತರಿಸಿ ಎತ್ತಿಡುವುದು ಶೆಡ್ಡಿನ ಪದ್ಧತಿ. ಈ ಕಾರ್ಡಿಗೆ ಕತ್ತರಿ ಹಾಕಲು ತಿಂಗಳುಗಟ್ಟಲೆ ಅಕ್ಕನ ಕೈ ಬರಲಿಲ್ಲ. ಕೊನೆಗೆ ಕತ್ತರಿಯ ಬದಲು ದಾರ ತೆಗೆದುಕೊಂಡರು. ಕೆಂಪು ದಾರ. ದಾರ ಕಟ್ಟಿದ ಮೇಲೆ ಫೋನು ಮಾಡಲೇಬೇಕು, ಅದೂ ಪದ್ಧತಿ. ಮೊದಲ ತಾರೀಖಿಗೆ ಸತ್ತವರ ನಂಬರಿಗೆ ಕರೆ ಹೋಯಿತು. ಸ್ವಿಚ್ ಆಫ್ ಅಂತ ಬರುತ್ತದೆ ಎಂದುಕೊಂಡಿದ್ದರು.

ಎರಡನೇ ರಿಂಗಿಗೆ ಯಾರೋ ಎತ್ತಿದರು.

ಮಾತಿಲ್ಲ. ಉಸಿರೂ ಇಲ್ಲ. ಒಂದು ಇಂಜಿನ್ ಮಾತ್ರ ನಿಂತಲ್ಲೇ ಓಡುತ್ತಿರುವ ಸದ್ದು. ಅಕ್ಕ ಅದನ್ನು ನಾಲಿಗೆಯಲ್ಲೇ ನುಡಿಸಿ ತೋರಿಸುತ್ತಾರೆ: ಟಕ್, ಟಕ್, ಟಕ್... ಸ್ವಲ್ಪ ತಡವಾಗಿ, ಕುಂಟಿದಂತೆ, ಟಕ್. “ಎರಡು ಸಾವಿರ ಗಾಡೀಲಿ ಹಾಗೆ ನಾಲ್ಕನೇ ಹೆಜ್ಜೆ ಎಳೆಯೋದು ಅದೊಂದೇ. ಆ ಇಂಜಿನ್ ಸತ್ತಿದ್ದನ್ನ ನಾನೇ ಕಣ್ಣಾರೆ ನೋಡಿದ್ದೆ.”

ಅವರು ಎಂದಿನ ವಾಕ್ಯ ಒಪ್ಪಿಸಿದರು: ನಿಮ್ಮ ಗಾಡಿಯ ಸರ್ವೀಸಿನ ಹೊತ್ತಾಗಿದೆ, ದಯವಿಟ್ಟು ಬನ್ನಿ. ಕರೆ ಕಟ್ಟಾಯಿತು. ಮುಂದಿನ ತಿಂಗಳೂ ಅದೇ. ಅದರ ಮುಂದಿನ ತಿಂಗಳೂ. ಮೇಸ್ತ್ರಿ ನಕ್ಕರು. “ಮೇಲೂ ಒಂದು ಶೆಡ್ಡಿದೆ ಅಂತ ಕಾಣುತ್ತೆ ಅಕ್ಕಾ. ರೇಟ್ ಕೇಳಿ ಇಟ್ಕೊಳ್ಳಿ.” ಐದನೆಯ ತಿಂಗಳು ಅಕ್ಕ ಫೋನನ್ನು ಅವರ ಕಿವಿಗೆ ಹಿಡಿದರು. ಮೇಸ್ತ್ರಿ ಸತ್ತ ಆ ಇಂಜಿನ್ನನ್ನು ವ್ಯಾನಿನಿಂದ ತಮ್ಮ ಕೈಯಾರೆ ಬಿಚ್ಚಿ ಇಳಿಸಿದವರು. ಅವತ್ತಿನಿಂದ ಅವರು ಮೊದಲ ತಾರೀಖು ಶೆಡ್ಡಿಗೆ ತಡವಾಗಿಯೇ ಬರುತ್ತಾರೆ.

ಮನೆಯಲ್ಲಿ ಒಂದು ಬೆಳಿಗ್ಗೆ ಅತ್ತೆ ಕೇಳಿದರು. “ನಿದ್ದೇಲಿ ಯಾರಿಗೇ ಫೋನ್ ಮಾಡ್ತೀಯ? ಬನ್ನಿ ಬನ್ನಿ ಅಂತ ಕರೀತೀಯಲ್ಲ, ಅವ್ರು ಬಂದ್ರೆ ಏನ್ ಮಾಡ್ತೀಯ?”

ಅಕ್ಕನಿಗೆ ಹೆದರಿಕೆ ಇದ್ದದ್ದು ಬರುವವರ ಬಗ್ಗೆ ಅಲ್ಲ. ದೆವ್ವವೇ ಓಡಿಸಲಿ, ಮನುಷ್ಯರೇ ಓಡಿಸಲಿ, ಆ ಇಂಜಿನ್ ಎಲ್ಲೋ ಓಡುತ್ತಿದೆ; ಓಡಿದರೆ ಕುಡಿಯುತ್ತದೆ; ಕುಡಿದು ಮುಗಿದರೆ ಮತ್ತೊಂದು ತಿರುವಿನಲ್ಲಿ ಹಿಡಿದುಕೊಳ್ಳುತ್ತದೆ. ಎಚ್ಚರಿಸಬೇಕಾದವರು ಅವರೊಬ್ಬರೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂಬ ಮಾತಿಗೆ ಇದಕ್ಕಿಂತ ಅರ್ಹರು ಸಿಗಲಾರರು. ಹದಿನೈದನೆಯ ಕರೆಯಲ್ಲಿ ಅವರು ಎಂದಿನ ವಾಕ್ಯವನ್ನು ಬಿಟ್ಟರು.

“ನೋಡಿ, ಅವತ್ತು ಗಾಡಿ ಇಳಿಜಾರಲ್ಲಿತ್ತು. ನಾನು ಗಮನಿಸ್ಲಿಲ್ಲ, ಭರ್ತಿ ಅಂತ ಬರೆದೆ. ತಪ್ಪು ನಂದು. ನೀವು ಯಾರೇ ಆಗಿರಿ, ಈ ಇಂಜಿನ್ ಸಾವಿರಕ್ಕೊಂದು ಲೀಟರ್ ಕುಡಿಯುತ್ತೆ. ಇವತ್ತೇ ನೋಡ್ಸಿ.”

ಫೋನಿನಲ್ಲಿ ಇಂಜಿನ್ ನಿಂತಿತು. ಆ ನಿಶ್ಶಬ್ದ ಟಕ್ ಟಕ್‌ಗಿಂತ ಕೆಟ್ಟದಾಗಿತ್ತು ಎನ್ನುತ್ತಾರೆ ಅಕ್ಕ.

ಐದು ದಿನ ಬಿಟ್ಟು, ಇಂಥದ್ದೇ ನಸುಕಿನಲ್ಲಿ, ಗೇಟಿನಾಚೆ ಬಿಳಿ ವ್ಯಾನೊಂದು ದೀಪ ಆರಿಸಿಕೊಂಡು ನಿಂತಿತ್ತು. ಕಿಟಕಿಗಳ ಮಟ್ಟಕ್ಕೂ ಮಡಿಸಿದ ಬಿಳಿ ಬಟ್ಟೆ. ಇಳಿದದ್ದು ಚಾಲಕನ ಹೆಂಡತಿ. ಅಕ್ಕ ಬಾನೆಟ್ಟಿಗೆ ಕೈ ಚಾಚಿದರೆ ಆಕೆ ಬೇಡವೆಂದು ತಲೆಯಾಡಿಸಿದರು. ಹತ್ತು ನಿಮಿಷ ಇಬ್ಬರೂ ನಿಂತು, ಎಣ್ಣೆ ಕೆಳಗಿಳಿಯಲು ಬಿಟ್ಟರು. ಆಮೇಲೆ ಆಕೆ ತಾನೇ ಬಾನೆಟ್ ಎತ್ತಿ, ತಾನೇ ಕಡ್ಡಿ ಎಳೆದು, ಅಕ್ಕನ ಮುಖದ ಮುಂದೆ ಹಿಡಿದರು.

“ಎಷ್ಟಿದೆ?”

ಕಡ್ಡಿಯ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ. “ಇಲ್ಲ,” ಎಂದರು ಅಕ್ಕ. “ಏನೂ ಇಲ್ಲ.” ಅವತ್ತು ಮೂರು ಲೀಟರ್ ಎಣ್ಣೆ ಒಳಗೆ ಹೋಯಿತು.

ಗಂಡನ ವ್ಯಾನಿನ ಮೈಯನ್ನು ಗುಜರಿಗೆ ಹಾಕಿದ ಆಕೆ ಇಂಜಿನ್ನನ್ನು ಮಾತ್ರ ಕೊಟ್ಟಿರಲಿಲ್ಲ. ಎಲ್ಲೋ ಅರ್ಧಂಬರ್ಧ ರಿಪೇರಿ ಮಾಡಿಸಿ, ಇನ್ನೊಂದು ಹಳೆ ವ್ಯಾನಿಗೆ ಕೂರಿಸಿ, ಗಂಡನ ಕೆಲಸವನ್ನೇ ಮುಂದುವರಿಸಿದ್ದರು. ಗಂಡನ ಫೋನೂ ಆಕೆಯ ಬಳಿಯೇ. ಅಕ್ಕ ಒಮ್ಮೆ ಕೇಳಿಯೇಬಿಟ್ಟರು, ಅಷ್ಟು ತಿಂಗಳು ಯಾಕೆ ಮಾತಾಡಲಿಲ್ಲ ಎಂದು.

“ಫೋನನ್ನ ಇಂಜಿನ್ ಹತ್ರ ಹಿಡೀತಿದ್ದೆ,” ಎಂದರಂತೆ ಆಕೆ. “ನಿಮಗೆ ಕೇಳಿಸ್ಲಿ ಅಂತ.”

ಈಗ ಹದಿನೈದು ದಿನಕ್ಕೊಮ್ಮೆ ವ್ಯಾನು ಬರುತ್ತದೆ. ಇಂಜಿನ್ ಪೂರ್ತಿ ಬಿಚ್ಚಿ ಸರಿಮಾಡಿಕೊಡುತ್ತೇನೆಂದು ಮೇಸ್ತ್ರಿ ಹೇಳಿದರೂ ಆಕೆ ಒಪ್ಪಿಲ್ಲ. ಪೂರ್ತಿ ಸರಿಯಾದರೆ ಆ ಸದ್ದು ಹೋಗುತ್ತದೆ. ಕಡ್ಡಿಯನ್ನು ಈಗಲೂ ಆಕೆಯೇ ಎಳೆಯುತ್ತಾರೆ, ಆಕೆಯೇ ಹಿಡಿಯುತ್ತಾರೆ. ಅಕ್ಕ ಓದಿ ಹೇಳಿದ ಮೇಲೆ ತನ್ನ ಹೆಬ್ಬೆರಳಿನ ಉಗುರನ್ನು ಗೆರೆಗೆ ಒತ್ತಿ ಮತ್ತೊಮ್ಮೆ ತಾಳೆ ನೋಡುತ್ತಾರೆ.

“ನಂಬಿಕೆ ಇಲ್ಲ. ಇರ್ಬಾರ್ದು ಕೂಡ,” ಎನ್ನುತ್ತಾರೆ ಅಳತೆ ಅಕ್ಕ, ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ. “ಕ್ಷಮಿಸಿ ಅಂತ ಕೇಳೋಕೆ ನಂಗೆ ಬಾಯಿಲ್ಲ. ಗಾಡಿ ಬರ್ತಿದೆ, ಎಣ್ಣೆ ಹೋಗ್ತಿದೆ, ಅಷ್ಟು ಮಟ್ಟಿಗೆ ಸರಿ. ಆದ್ರೂ ಒಂದಾಸೆ ಇದೆ. ಎಂದಾದ್ರೂ ಒಂದಿನ ಆ ಕಡ್ಡೀನ ನನ್ನ ಕೈಗೆ ಕೊಡ್ಲಿ. ಜಾಸ್ತಿ ಹೊತ್ತು ಬೇಡ. ಒರೆಸಿ, ನೋಡಿ, ವಾಪಸ್ ಕೊಟ್ಬಿಡ್ತೀನಿ.”