ಶೆಡ್ಡಿನಲ್ಲಿ ಹಾಕಿದ ಮಂಚ

ಹಸಿ ಸಿಮೆಂಟಿನ ವಾಸನೆ ಬಂದರೆ ನನಗೆ ಎದುರು ಮನೆಯ ಅಕ್ಕ ನೆನಪಾಗುತ್ತಾರೆ. ಈ ವಾರ ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಬೆಳಿಗ್ಗೆ ಹಾಲು ತರಲು ಹೊರಟವಳು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಅಕ್ಕ ಮನೆ ಕಟ್ಟಿಸುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೈಪು ಹಿಡಿದು ತಾವೇ ಗೋಡೆಗೆ ನೀರು ಹೊಡೆಯುತ್ತಿದ್ದರು. ಆಳಿಗೆ ಹೇಳಬಾರದೇ ಅಂದರೆ, "ಆಳು ಅರ್ಧ ಗೋಡೆಗೆ ಹೊಡೆದು ಬೀಡಿ ಸೇದ್ತಾ ಕೂರ್ತಾನೆ ಮಾರಾಯ್ತಿ, ಉಳಿದರ್ಧ ಬಿರುಕು ಬಿಟ್ರೆ ಅವನ ಅಪ್ಪ ಬರ್ತಾನಾ?" ಅನ್ನುತ್ತಿದ್ದರು.

ಅವರ ತವರು ಸೊರಬದ ಕಡೆ, ಚಂದ್ರಗುತ್ತಿ ಹತ್ತಿರ. ಮದುವೆಯಾಗಿ ಶಿಕಾರಿಪುರಕ್ಕೆ ಬಂದವರು. ಮಕ್ಕಳಿರಲಿಲ್ಲ. ಬಾಡಿಗೆ ಮನೆಗಳಲ್ಲೇ ಆಯುಷ್ಯ ಕಳೆದು, ಕೊನೆಗೆ ಕಟ್ಟಿಸಿದ ಮನೆ ಅದು. ಪೂರ್ವಕ್ಕೆ ಕಿಟಕಿ ಇರುವ ಒಂದು ಕೋಣೆಯನ್ನು "ಇದು ನಂದು" ಅಂತ ಮೊದಲೇ ಹೇಳಿಟ್ಟಿದ್ದರು.

ಎಲ್ಲ ಸರಿಯಾಗಿದ್ದ ಕೊನೆಯ ದಿನ ಅವರು ನಮ್ಮ ಅಡಿಗೆಮನೆಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. "ನಿಮ್ಮ ಕಡೆಯ ರೊಟ್ಟಿ ತಿನ್ನಕ್ಕೆ ಹಲ್ಲು ಬೇರೆ ಸಾಲ ತರಬೇಕು" ಅಂದು ನಕ್ಕರು. ಆಮೇಲೆ ಹೊಟ್ಟೆ ಒತ್ತಿ ಹಿಡಿದುಕೊಂಡು, ಏನೋ ಹಿಡಿದಂಗಾಯ್ತು ಅಂದರು. ಅಷ್ಟೇ...

ಅಲ್ಲಿಂದ ಮುಂದೆ ಶಿವಮೊಗ್ಗದ ಆಸ್ಪತ್ರೆ, ಸ್ಕ್ಯಾನಿಂಗು, ಮತ್ತೆ ಶಿವಮೊಗ್ಗ. ಮಳೆಗಾಲ ಬರುವಷ್ಟರಲ್ಲಿ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ಅಕ್ಕನಿಗೂ ಗೊತ್ತಿತ್ತು. ನಾನು ಆಸ್ಪತ್ರೆಗೆ ಹೋದಾಗ ಒಂದೇ ಮಾತು: "ನನ್ನ ಕೋಣೆಗೆ ಹೋಗಿ ಮಲಗಬೇಕು."

ಆಂಬುಲೆನ್ಸ್ ಬಂದಾಗ ನಾನು ಆ ಕೋಣೆಯ ಹಾಸಿಗೆಗೆ ಒಗೆದ ಚಾದರ ಹಾಸಿ ಬಾಗಿಲಲ್ಲಿ ನಿಂತಿದ್ದೆ. ಗೇಟಿನಲ್ಲಿ ಅವರ ಭಾವ ನಿಂತಿದ್ದರು. ಅಕ್ಕನ ಗಂಡನಿಗೆ ಅಣ್ಣ, ತೊಗರ್ಸಿ ಕಡೆ ಜಮೀನು ನೋಡಿಕೊಂಡಿರುವವರು. ಜೋಯಿಸರಿಗೆ ಫೋನು ಮಾಡಿ ಕೇಳಿದ್ದರಂತೆ. ಅಂದಿನಿಂದ ಪಂಚಕ, ಸಾವಿಗೆ ಕೆಟ್ಟವು ಅನ್ನುವ ಐದು ನಕ್ಷತ್ರಗಳ ದಿನಗಳು. ಆ ನಕ್ಷತ್ರಗಳು ಕಳೆಯುವ ಮೊದಲು ಮನೆಯೊಳಗೆ ಯಾರದಾದರೂ ಪ್ರಾಣ ಹೋದರೆ ಜೀವ ಮೇಲೆ ಹೋಗುವುದಿಲ್ಲ, ಸೂರಿನಲ್ಲೇ ಉಳಿದು ಮನೆಯವರನ್ನು ಒಬ್ಬೊಬ್ಬರಾಗಿ ಕರೆಯುತ್ತದೆ, ತಿಂಗಳುಗಟ್ಟಲೆ ಮನೆಗೆ ಬೀಗ ಹಾಕಿ ಬೇರೆ ಕಡೆ ಇರಬೇಕು ಅನ್ನುವುದು ನಮ್ಮ ಕಡೆಯ ನಂಬಿಕೆ.

"ಒಳಗ ಬ್ಯಾಡ. ಶೆಡ್ಡಿನಾಗ ಮಂಚ ಹಾಕ್ರಿ" ಅಂದರು ಭಾವ.

ಶೆಡ್ಡು ಅಂದರೆ ಮನೆಯ ಪಕ್ಕ ತಗಡು ಹೊದಿಸಿದ ಜಾಗ. ಬೈಕು, ಮೆಕ್ಕೆಜೋಳದ ಚೀಲ ಇಡುವ ಕಡೆ. ಚೀಲ ಸರಿಸಿ ಮಂಚ ಹಾಕಿದರು. ಅಕ್ಕನನ್ನು ಅವರ ಸ್ವಂತ ಮನೆಯ ಬಾಗಿಲ ಮುಂದೆಯೇ ಎತ್ತಿಕೊಂಡು ಹೋಗಿ ಅಲ್ಲಿ ಮಲಗಿಸಿದರು. ಅವರು ತಲೆ ಹೊರಳಿಸಿ ಬಾಗಿಲು ನೋಡಿದ್ದು ನಾನು ನೋಡಿದೆ.

ನಾನು ಹೆಚ್ಚು ಮಾತಾಡುವವಳಲ್ಲ. ಅವತ್ತು ಮಾತಾಡಿದೆ. "ಅಣ್ಣಾರ, ಇದು ಅವರು ಕಟ್ಟಿಸಿದ ಮನಿ."

"ಮನಿ ಉಳೀಬೇಕಲ್ಲರೀ ತಂಗಿ. ಇರೋರು ಬದುಕಬೇಕಲ್ಲ."

"ಹಂಗಾದ್ರ ನಮ್ಮನಿಗೆ ಕಳಿಸ್ರಿ."

"ನಾಳೆ ನಿಮ್ಮನಿಗೂ ಬೀಗ ಬೀಳ್ತದ. ಹಾಕ್ತೀರೇನು?"

"ಹಾಕ್ತೀನಿ" ಅಂದೆ.

ಅಕ್ಕನ ಗಂಡ ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದವರು ಆಗ ಬಾಯಿಬಿಟ್ಟರು. "ಬ್ಯಾಡ್ರೀ... ಹೇಣ್ತೀನ ಬ್ಯಾರೆಯವರ ಮನಿಗೆ ಕಳಿಸಿದಾ ಅಂತಾರ. ಊರಾಗ ತಲಿ ಎತ್ತಂಗಿಲ್ಲ ನಾನು." ಶೆಡ್ಡಿನಲ್ಲಿ ಹಾಕಿದರೆ ತಲೆ ಎತ್ತಬಹುದಿತ್ತು.

ತಗಡಿನ ಮೇಲೆ ಮಳೆ ಬಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಗಾಳಿ ಬೀಸಿದರೆ ಜೋಳದ ಧೂಳು ಅವರ ಮುಖದ ಮೇಲೆ. ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಒಂದು ಮಧ್ಯಾಹ್ನ ಕಣ್ಣು ತೆರೆದು, "ಆ ನಕ್ಷತ್ರ ಹೋಯ್ತಾ ನೋಡು ಮಾರಾಯ್ತಿ. ಅದೂ ಹೋಗಲ್ಲ, ನಾನೂ ಹೋಗಲ್ಲ" ಅಂದರು. ನಗಲು ಹೋಗಿ ಕೆಮ್ಮು ಬಂತು.

ಪಂಚಕ ಮುಗಿಯಿತು. ಕ್ಯಾಲೆಂಡರ್ ನೋಡಿದವಳೇ ಓಡಿದೆ. ಇನ್ನಾದರೂ ಒಳಗೆ ಮಲಗಿಸಿ ಅಂದೆ. ಭಾವ ನಾಳೆ ಮಂಗಳವಾರ ಅಂದರು. ಮಂಗಳವಾರ ಕಾಯಿಲೆಯವರನ್ನು ಹೊಸ್ತಿಲು ದಾಟಿಸಬಾರದಂತೆ. ಇವತ್ತೇ ಕರೆದುಕೊಳ್ಳಿ ಅಂದರೆ, ಹೊತ್ತು ಮುಳುಗಿತು ಅಂದರು. "ಬುಧವಾರ ನೋಡಣಂತ."

ಅಕ್ಕ ಮಂಗಳವಾರ ಬೆಳಿಗ್ಗೆ ಹೋದರು. ಪಂಚಕವೂ ಇಲ್ಲ, ಏನೂ ಇಲ್ಲ. ಒಳ್ಳೆಯ ನಕ್ಷತ್ರ ಅಂತ ಜೋಯಿಸರೇ ಹೇಳಿದರಂತೆ. ಬಂದವರೆದುರು ಭಾವ ಕೈಮುಗಿದು, "ಪುಣ್ಯಾತ್ಗಿತ್ತಿ. ಮನೀಗೆ ಒಂದು ದೋಷ ತರಲಿಲ್ಲ ನೋಡ್ರಿ" ಅಂದರು. ಎಲ್ಲರೂ ಹೌದು ಹೌದು ಅಂದರು. ನನ್ನ ಕೈಯಲ್ಲಿ ನೀರಿನ ಚೊಂಬಿತ್ತು. ಅದನ್ನು ಅವರ ಮುಖಕ್ಕೆ ಎರಚದೆ ಹೇಗೆ ನಿಂತೆನೋ ಗೊತ್ತಿಲ್ಲ.

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ತಿಥಿಯ ಹಿಂದಿನ ಸಂಜೆ ನಡೆದದ್ದು. ಅಕ್ಕನ ಕೋಣೆ ತೊಳೆದರು. ದೀಪ ಹಚ್ಚಿದರು. ಅವರಿಗೆ ಇಷ್ಟವಾದ ಕಡುಬು, ಅಕ್ಕಿ ರೊಟ್ಟಿ, ಒಂದು ಹೊಸ ಸೀರೆ ಇಟ್ಟರು. ನೆಲದ ಮೇಲೆ ಅಕ್ಕಿ ಹಿಟ್ಟು ಹರಡಿ ಬುಟ್ಟಿ ಕವುಚಿದರು. ಜೀವ ಮನೆಗೆ ಬಂದರೆ ಹಿಟ್ಟಿನಲ್ಲಿ ಗುರುತು ಬೀಳುತ್ತದೆ. "ಬಾಗಿಲು ಹಾಕಬ್ಯಾಡ್ರಿ, ಆಕಿ ಬರ್ತಾಳ" ಅಂದರು ಭಾವ. ಅದೇ ಭಾವ, ಅದೇ ಬಾಗಿಲು.

ಬೆಳಿಗ್ಗೆ ಬುಟ್ಟಿ ಎತ್ತಿದರು. ಹಿಟ್ಟಿನಲ್ಲಿ ಉದ್ದಕ್ಕೆ ಒಂದು ಗೀರು. ಜಿರಲೆಯೋ, ಗಾಳಿಯೋ.

"ನೋಡ್ರಿ, ಪಾದ! ಬಂದು ಹೋಗ್ಯಾಳ!" ಅಂದರು ಭಾವ. ಎಲ್ಲರೂ ಕೈಮುಗಿದರು.

ನಾನು ಅಂದೆ, "ಕಾಲಿದ್ದಾಗ ಬಿಡಲಿಲ್ಲ ಅಣ್ಣಾರ. ಈಗಾದ್ರೂ ಒಳಗ ಬಿಟ್ರಲ್ಲ, ದೊಡ್ಡ ಮನಸ್ಸು."

ಅಕ್ಕನ ಗಂಡ ಎದ್ದು ಹಿತ್ತಲಿಗೆ ಹೋದರು. ನಾನು ಊಟಕ್ಕೆ ಕೂರದೆ ಬಂದೆ.

ನಾನು ದೇವರನ್ನು ನಂಬದವಳಲ್ಲ. ಸೋಮವಾರ ಒಪ್ಪತ್ತು ಮಾಡುತ್ತೇನೆ, ನಮ್ಮ ಹಿರಿಯರಿಗೆ ಎಡೆ ಇಡುತ್ತೇನೆ. ಸತ್ತ ಮೇಲೆ ಜೀವ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿಲ್ಲ. ಗೊತ್ತಿದೆ ಅನ್ನುವವರ ಜೊತೆ ಜಗಳವೂ ಇಲ್ಲ. ಆದರೆ ಜೀವ ಅನ್ನುವುದು ಆ ದಿನಗಳಲ್ಲಿ ಎಲ್ಲಿತ್ತು ಅಂತ ನನಗೆ ಗೊತ್ತಿತ್ತು. ಆ ಮಂಚದ ಮೇಲಿತ್ತು. ಉಸಿರಾಡುತ್ತಿತ್ತು, ನೀರು ಕೇಳುತ್ತಿತ್ತು, ಒಳಗೆ ಕರೆದುಕೊಂಡು ಹೋಗಿ ಅನ್ನುತ್ತಿತ್ತು. ಅದರ ಮಾತು ಕೇಳಿಸಿಕೊಳ್ಳದವರು ಹಿಟ್ಟಿನಲ್ಲಿ ಅದರ ಗುರುತು ಹುಡುಕಿದರು. ವರ್ಷಗಳು ಕಳೆದರೂ ಈ ಸಿಟ್ಟು ನನ್ನಲ್ಲಿ ಇಳಿದಿಲ್ಲ. ಇಳಿಯಲಿ ಅಂತ ನಾನು ಬೇಡಿಕೊಂಡೂ ಇಲ್ಲ.

ಎದುರು ಮನೆಗೆ ನಾನು ಹೋಗುವುದಿಲ್ಲ. ಅಕ್ಕನ ಗಂಡ ಈಗ ಒಬ್ಬರೇ ಇದ್ದಾರೆ, ಬಹಳ ಇಳಿದುಹೋಗಿದ್ದಾರೆ. ವರ್ಷದ ತಿಥಿಗೆ ಎಡೆ ಇಟ್ಟದ್ದನ್ನು ತಟ್ಟೆಯಲ್ಲಿ ತಂದು ನಮ್ಮ ಕಟ್ಟೆಯ ಮೇಲಿಟ್ಟು ನಿಲ್ಲುತ್ತಾರೆ. ಏನೋ ಹೇಳುತ್ತಾರೆ ಅಂತ ನಾನೂ ನಿಲ್ಲುತ್ತೇನೆ. ಮಳೆ ಹೆಂಗೈತಿ ಅಂತ ಕೇಳಿ ಹೋಗುತ್ತಾರೆ. ಭಾವ ಬಂದಾಗಲೆಲ್ಲ, ಆಕೆಯ ಆತ್ಮಕ್ಕೆ ಶಾಂತಿ ಸಿಕ್ಕಿದೆ, ಅದಕ್ಕೇ ಮನೆ ಚೆನ್ನಾಗಿದೆ ಅನ್ನುತ್ತಾರಂತೆ.

ಅಕ್ಕನಿಗೆ ತಪ್ಪಾಯಿತು ಅಂತ ಇವತ್ತಿನವರೆಗೂ ಆ ಮನೆಯಲ್ಲಿ ಒಬ್ಬರೂ ಹೇಳಿಲ್ಲ.