ಗೂಟದ ಮೇಲಿನ ಹೆಸರು

ಬೆಳಗಿನ ಆರೂವರೆ. ಫಿನ್ಲೆಂಡಿನ ಕೈನು ಸೀಮೆಯಲ್ಲಿ ಹೊತ್ತು ಮೂಡಲು ಇನ್ನೂ ಮೂರು ತಾಸಿದೆ. ಊರಿನ ಹಾಕಿ ಅಂಗಳದ ಮಂಜುಗಡ್ಡೆಯ ಮೇಲೆ ಅರ್ತು ನಿಸ್ಕಲ ಒಬ್ಬನೇ ಹಿಂದು ಹಿಂದಕ್ಕೆ ಜಾರುತ್ತಿದ್ದಾನೆ. ಎದುರಾಳಿಗೆ ಬೆನ್ನು ಕೊಡಬಾರದು. ರಕ್ಷಣಾ ಆಟಗಾರನ ಅರ್ಧ ಕಸುಬು ಇಷ್ಟೇ. ಉಳಿದರ್ಧ, ಗಟ್ಟಿ ರಬ್ಬರ್ ಬಿಲ್ಲೆ ಗೋಲಿನತ್ತ ಹಾರಿ ಬಂದಾಗ ಅಡ್ಡ ಬೀಳುವುದು.

"ಬೀಳೋಕೆ ಜಾಣತನ ಬೇಡ. ಎದ್ದೇಳೋಕೆ ಬೇಕು," ಎನ್ನುವುದು ಅವನ ಮಾಮೂಲು ಮಾತು.

ವಯಸ್ಸು ಮೂವತ್ತೈದು. ಹದಿನಾಲ್ಕು ಚಳಿಗಾಲ, ಒಂಬತ್ತು ಊರು, ಹನ್ನೊಂದು ಗೋಲು. ಹೋದ ಹಲ್ಲು ನಾಲ್ಕು. ದೊಡ್ಡ ಲೀಗಿನ ಕರೆ ಬರಲೇ ಇಲ್ಲ. ಈ ಊರಿನ ತಂಡಕ್ಕೆ ಬಂದ ಈ ವರ್ಷ ಮೈಯೊಡ್ಡಿ ತಡೆದ ಹೊಡೆತಗಳೇ ಎಪ್ಪತ್ತೆರಡು. ಹೆಂಡತಿ ಹೆನ್ನಿ ಇಲ್ಲಿನ ಬೇಕರಿಯಲ್ಲಿ ಕೆಲಸಕ್ಕಿದ್ದಾಳೆ. ಎಂಟು ವರ್ಷದ ಮಗಳು ಸೈಮಿಗೆ ಇದು ಮೂರನೇ ಶಾಲೆ. ಮೊದಲ ಸಲ ಗೆಳತಿಯೊಬ್ಬಳನ್ನು ಮನೆಗೆ ಕರೆತಂದಿದ್ದಾಳೆ.

ಸಣ್ಣ ತಂಡಗಳಲ್ಲಿ ಒಂದು ರೂಢಿಯಿದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಪ್ರತಿ ಆಟಗಾರನ ಬಟ್ಟೆ ನೇತುಹಾಕುವ ಗೂಟದ ಮೇಲೆ ಬಿಳಿ ಟೇಪಿನಲ್ಲಿ ಅವನ ಹೆಸರು. ತಂಡದಿಂದ ಕೈಬಿಟ್ಟರೆ ಟೇಪು ಕಿತ್ತಿರುತ್ತಾರೆ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನೋಡಿದವನು ಚೀಲ ಕಟ್ಟುತ್ತಾನೆ. ಅರ್ತು ಹೀಗೆ ನಾಲ್ಕು ಸಲ ಕಟ್ಟಿದ್ದಾನೆ.

ಇವತ್ತು ಅಂಗಳದಿಂದ ಒಳಗೆ ಬಂದರೆ ಅವನ ಗೂಟದ ಮೇಲೆ ಹೆಸರಿಲ್ಲ.

ಅರ್ತು ಬೂಟು ಬಿಚ್ಚಿ ಮನೆಗೆ ಫೋನು ಮಾಡುತ್ತಾನೆ. "ಹೆನ್ನಿ, ಟೇಪು ಇಲ್ಲ."

ಆ ಕಡೆ ಒಂದು ನಿಟ್ಟುಸಿರು. "ಸರಿ. ಸಾಮಾನು ಕಟ್ಟೋಕೆ ಅಟ್ಟದಿಂದ ಡಬ್ಬ ಇಳಿಸ್ತೀನಿ."

ಅವನು ಅಂಗಿಗಳನ್ನು ಚೀಲಕ್ಕೆ ತುರುಕುತ್ತಿರುವಾಗ, ತಂಡದ ಸಾಮಾನು ನೋಡಿಕೊಳ್ಳುವ ಮುದುಕ ಪೆಂಟಿ ಕಾಫಿ ಲೋಟ ಹಿಡಿದು ಬರುತ್ತಾನೆ. ಕಂಕುಳಲ್ಲೊಂದು ಹಲಗೆ.

"ಎಲ್ಲಿಗಪ್ಪಾ ಸವಾರಿ?"

"ನೀನೇ ಹೇಳಜ್ಜ. ಟೇಪು ಕಿತ್ತೋನು ನೀನೇ ಅಲ್ವಾ?"

"ಕಿತ್ತೆ. ಅದಕ್ಕೇನೀಗ?" ಪೆಂಟಿ ಚೀಲ ನೋಡುತ್ತಾನೆ, ಅವನ ಮುಖ ನೋಡುತ್ತಾನೆ. "ಅಯ್ಯೋ ಪೆದ್ದೇ! ನಮ್ಮಲ್ಲಿ ಟೇಪು ಮೊದಲ ವರ್ಷದೋರಿಗೆ ಮಾತ್ರ ಕಣೋ, ಉಳಿಯೋರಿಗೆ ಹಲಗೆ. ನಿನ್ನೆ ಸಂಜೆ ನಿನ್ನ ಇನ್ನೆರಡು ವರ್ಷಕ್ಕೆ ಉಳಿಸ್ಕೊಂಡಿದ್ದಾರೆ. ಕೋಚು ಎಂಟಕ್ಕೆ ಬಂದು ಹೇಳ್ತಾನೆ. ಆಗ ಹೊಸದಾಗಿ ಕೇಳ್ದೋನ ಹಾಗೆ ಬಾಯಿ ಬಿಡು. ಹಲ್ಲಿಲ್ದಿದ್ರೂ ಪರವಾಗಿಲ್ಲ."

ಬರ್ಚ್ ಮರದ ಹಲಗೆಯಲ್ಲಿ 'ನಿಸ್ಕಲ' ಎಂದು ಕೆತ್ತಿದೆ. ಅರ್ತು ಬೆಂಚಿನ ಮೇಲೆ ಕೂರುತ್ತಾನೆ. ನಗುತ್ತಾನೆ, ಅಂಗಿ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಾನೆ. ಮತ್ತೆ ಫೋನು.

"ಇಳಿಸ್ಬೇಡ ಮಾರಾಯ್ತಿ! ಎರಡು ವರ್ಷ ಇಲ್ಲೇ!"

"ಆಗ್ಲೇ ಇಳಿಸಾಯ್ತಲ್ಲೋ! ಸೈಮಿ ನೋಡ್ಬಿಟ್ಟು, ಗೆಳತಿ ಮನೇಲಿ ಬಚ್ಚಿಟ್ಕೋತೀನಿ ಅಂತ ಬೂಟು ಹಾಕ್ಕೊಂಡು ನಿಂತಿದ್ದಾಳೆ."

"ಫೋನು ಅವಳಿಗೆ ಕೊಡು, ಬೇಗ!"

ಮಗಳೊಂದಿಗೆ ಏನು ಮಾತಾಡಿದನೋ, ಗೋಡೆಯತ್ತ ತಿರುಗಿ ಪಿಸುಗುಟ್ಟಿದ್ದರಿಂದ ಪೆಂಟಿಗೆ ಕೇಳಿಸುವುದಿಲ್ಲ. ಇನ್ನೇನು ಆಸೆ ಎಂದು ಪೆಂಟಿ ಕೇಳಿದರೆ, ಅರ್ತು ಚೀಲದಿಂದ ಅಂಗಿಗಳನ್ನು ಹೊರತೆಗೆಯುತ್ತಾ ಹೇಳುತ್ತಾನೆ.

"ಮೇ ಕೊನೇಲಿ ಶಾಲೆ ಮುಗಿಯೋ ದಿನ ಮಕ್ಕಳು ಹಾಡ್ತಾರೆ. ಪ್ರತಿ ಸಲ ಆ ಹೊತ್ತಿಗೆ ನಾನು ಲಾರಿಗೆ ಮಂಚ ಹತ್ತಿಸ್ತಿರ್ತೀನಿ. ಈ ಸಲ ಕೂತು ಪೂರ್ತಿ ಕೇಳ್ಬೇಕು."