ಓವರ್‌ಸೈಜ್ ಬನ್ನು

ಬೇಕರಿ ತರಗತಿ ಹೇಗಿತ್ತು ಅಂತ ಯಾರಾದರೂ ಕೇಳಿದರೆ, ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುತ್ತಿದ್ದ ಬೆಣ್ಣೆಯ ವಾಸನೆಯಿಂದ ಶುರುಮಾಡುತ್ತೇನೆ. ಕೇಳುವವರಿಗೂ ಅದು ಇಷ್ಟ. ಆದರೆ ಅಲ್ಲಿ ಬೆಣ್ಣೆ ಬಳಸುತ್ತಲೇ ಇರಲಿಲ್ಲ. ನಮಗೆ ಕೊಡುತ್ತಿದ್ದದ್ದು ವನಸ್ಪತಿ. ಈ ಬೆಣ್ಣೆ ನನ್ನ ನೆನಪಿಗೆ ಎಲ್ಲಿಂದ ಬಂದು ಸೇರಿತೋ ಗೊತ್ತಿಲ್ಲ. ಆದ್ದರಿಂದ ವಾಸನೆ ಬೇಡ, ಬೇರೆ ಕಡೆಯಿಂದ ಹೊರಡುತ್ತೇನೆ.

ಕೃಷಿ ವಿಶ್ವವಿದ್ಯಾಲಯದ ತರಬೇತಿ ಕೇಂದ್ರದಲ್ಲಿ ಭಾನುವಾರ ಮಾತ್ರ ನಡೆಯುವ ಸರ್ಟಿಫಿಕೇಟ್ ಕೋರ್ಸು. ಪೀಣ್ಯದಿಂದ ಇಬ್ಬರು ಸೇರಿದ್ದೆವು. ಒಬ್ಬಳು ನಾನು, ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಇನ್ನೊಬ್ಬರು ಅದೇ ಕಾರ್ಖಾನೆಯ ಲೇತ್ ಆಪರೇಟರ್, ಗದಗದ ಕಡೆಯವರು. ವಾರವೆಲ್ಲ ಅವರು ಲೇತಿನಲ್ಲಿ ಕಡೆದದ್ದನ್ನು ನಾನು ಅಳೆಯುತ್ತಿದ್ದೆ. ಅಳತೆ ಮೀರಿದ್ದರೆ ‘ಓವರ್‌ಸೈಜ್’ ಅಂತ ಹಿಂದಕ್ಕೆ ಕಳಿಸುತ್ತಿದ್ದೆ. ಅವರು ಕೂದಲೆಳೆಯಷ್ಟು ಹೆರೆದು ಮತ್ತೆ ತರುತ್ತಿದ್ದರು. ವರ್ಷಗಟ್ಟಲೆ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಹೆಚ್ಚುಕಡಿಮೆ ಆ ಒಂದೇ ಪದ.

ನಾನು ಯಾಕೆ ಸೇರಿದೆ ಅನ್ನುವುದು ಆಗಲೇ ಸರಿಯಾಗಿ ಗೊತ್ತಿರಲಿಲ್ಲ. ಈಗ ಕಾರಣ ಹೇಳಲು ಹೋದರೆ ಕಟ್ಟುಕತೆಯಾಗುತ್ತದೆ. ಅವರಿಗೆ ಮಾತ್ರ ಕಾರಣವಿತ್ತು. ಲಗ್ಗೆರೆಯಲ್ಲಿ ಅವರು ಬಾಡಿಗೆಗಿದ್ದ ಮನೆಯ ಕೆಳಗೆ ಒಂದು ಮಳಿಗೆ ಖಾಲಿ ಬಿದ್ದಿತ್ತು. ಅಲ್ಲಿ ಬೇಕರಿ ಇಡುವ ಆಸೆ. ಗಾರ್ಮೆಂಟ್ಸಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದ ಅವರ ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ಬಸ್ಸಿನಲ್ಲಿ ಇವರು ಹೆಂಡತಿಯದೇ ದನಿ ತೆಗೆದು ನನಗೆ ಹೇಳಿದರು: “‘ಕಲ್ತು ಪಾಸಾಗಿ ಬಾ, ಆವಾಗ ಗಾರ್ಮೆಂಟ್ಸ್ ಬಿಟ್ಟು ನಿನ್ನ ಜೋಡಿ ಅಂಗಡ್ಯಾಗ ನಿಂದರ್ತೀನಿ. ಇಲ್ಲಂದ್ರ ಆ ಮಳಿಗಿ ಮಾತ ಎತ್ತಬ್ಯಾಡ’ ಅಂದಾಳ್ರಿ ಅಕ್ಕಾರ.”

ಹೀಗೆ ನಡುವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಗಳಾದೆವು. ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಸಾಲಾಗಿ ನಿಲ್ಲುತ್ತಿದ್ದೆವು. ಹಾಸ್ಟೆಲಿನ ಡಿಗ್ರಿ ಹುಡುಗಿಯರು ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರು. ಟೀ ಹೊತ್ತಿನಲ್ಲಿ ಹೊರಗೆ ರಾಗಿ ಪ್ರಯೋಗದ ತಾಕುಗಳ ಬದುವಿನ ಮೇಲೆ ಕೂತು, ಪಾಠ ತಪ್ಪಿಸಿಕೊಂಡ ಮಕ್ಕಳ ಹಾಗೆ ಹಾಳುಹರಟೆ. ಸುಖವಾಗಿತ್ತು. ಈ ‘ಸುಖ’ವನ್ನು ಆಮೇಲೆ ಸೇರಿಸಿದ್ದಲ್ಲ ಅಂದುಕೊಂಡಿದ್ದೇನೆ.

ಬನ್ನಿನ ಪಾಠದ ದಿನ ಲೇತ್ ಆಪರೇಟರ್ ಹಿಟ್ಟನ್ನು ತೂಗಿ ತೂಗಿ, ಒಂದಕ್ಕೂ ಇನ್ನೊಂದಕ್ಕೂ ಒಂದು ಗ್ರಾಂ ಕೂಡ ವ್ಯತ್ಯಾಸವಿಲ್ಲದ ಉಂಡೆ ಮಾಡಿಟ್ಟರು. ಇಡೀ ತರಗತಿ ಬಂದು ನೋಡಿತು. ಆಮೇಲೆ ಅವನ್ನು ಉಬ್ಬಲು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಟೀಗೆ ಹೋದೆವು. ಬಂದು ನೋಡಿದರೆ ಒಂದು ಹೀಗೆ, ಒಂದು ಹಾಗೆ. ಮೂಲೆಯವು ಸೊಟ್ಟ. ಆಗ ವರ್ನಿಯರ್ ಹೊರಗೆ ಬಂತು. ಭಾನುವಾರವೂ ಆ ಅಳತೆ ಸಾಧನ ಯಾರ ಹತ್ತಿರ ಇತ್ತು? ಅವರ ಪ್ರಕಾರ ನನ್ನ ಬ್ಯಾಗಿನಲ್ಲಿ. ನನ್ನ ಕಣ್ಣಿಗೆ ಕಾಣುವುದು ಅವರ ಅಂಗಿ ಜೇಬು. ಬರೆಯುತ್ತಿರುವವಳು ನಾನಾದ್ದರಿಂದ ಜೇಬಿನಲ್ಲೇ ಇರಲಿ. ನಾನು ಅಳೆದೆ. ಬಾಯಿಗೆ ಬಂದದ್ದು ಆ ಒಂದೇ ಪದ: “ಓವರ್‌ಸೈಜ್.”

ಅವರು ಎರಡನೇ ಯೋಚನೆ ಮಾಡದೆ ಹಿಟ್ಟು ಕತ್ತರಿಸುವ ತಗಡು ತೆಗೆದುಕೊಂಡು, ಉಬ್ಬಿದ ಬನ್ನುಗಳ ಸುತ್ತ ಹೆಚ್ಚಾಗಿದ್ದದ್ದನ್ನು ಹೆರೆದುಬಿಟ್ಟರು. ನಾನು ಮತ್ತೆ ಅಳೆದು ತಲೆಯಾಡಿಸಿದೆ. ಎಲ್ಲ ಸಮ. ಒಲೆಗೆ ಹೋದವು.

ಪಾಠ ಹೇಳುತ್ತಿದ್ದ ಮೇಡಂ ತಟ್ಟೆ ಹೊರಗೆಳೆದು, ಚಪ್ಪಟೆಯಾಗಿ ಗಟ್ಟಿಯಾಗಿದ್ದ ಒಂದನ್ನು ಎತ್ತಿ ಟೇಬಲ್ಲಿಗೆ ಕುಟ್ಟಿದರು. “ಇದೇನ್ರೀ ಪೀಣ್ಯದವರೇ, ಬನ್ ಮಾಡಿ ಅಂದ್ರೆ ವಾಷರ್ ಮಾಡಿದ್ದೀರಲ್ಲ!”

ಎಲ್ಲರೂ ನಕ್ಕರು. ನಾವೂ ನಕ್ಕೆವು. ಹಿಟ್ಟಿನೊಳಗೆ ಈಸ್ಟು ಹುಟ್ಟಿಸಿದ ಗಾಳಿ ಇರುತ್ತದೆ, ಕೊಯ್ದರೆ ಅದು ಹೋಗಿಬಿಡುತ್ತದೆ ಅಂತ ಮೇಡಂ ವಿವರಿಸಿದರು.

“ಹಂಗಾರ ಜಾಸ್ತಿ ಆಗಿದ್ದನ್ನ ಏನ್ ಮಾಡೂದ್ರಿ?” ಅಂದರು ಅವರು.

“ಏನೂ ಮಾಡ್ಬೇಡಿ. ಕೈ ಕಟ್ಕೊಂಡು ಕೂತ್ಕೊಳ್ಳಿ.”

ಅದೊಂದು ಅವರಿಂದ ಆಗಲಿಲ್ಲ. ಮುಂದಿನ ಪಾಠಗಳಲ್ಲಿ ತಗಡು ಮುಟ್ಟಲಿಲ್ಲ, ನಿಜ. ಆದರೆ ಪೆಟ್ಟಿಗೆಯ ಬಾಗಿಲು ತೆಗೆದು ನೋಡುವುದು, ಸೊಟ್ಟಗಿದ್ದದ್ದನ್ನು ಬೆರಳಲ್ಲಿ ಒತ್ತುವುದು, ಮತ್ತೆ ಬಾಗಿಲು. ಬೆಚ್ಚಗಿದ್ದದ್ದು ತಣ್ಣಗಾಗುತ್ತಿತ್ತು, ಉಬ್ಬಿದ್ದು ಇಳಿಯುತ್ತಿತ್ತು. ಜೀವನವೆಲ್ಲ ಹೆಚ್ಚಾದದ್ದನ್ನು ತೆಗೆದೇ ವಸ್ತು ಮಾಡಿದ ಕೈ ಅದು. ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಬನ್ನು ಅಂತ ಗೊತ್ತಾದ ಮೇಲೆ ಬಸ್ಸಿನಲ್ಲಿ, “ಮಳಿಗಿ ಹೋತ ಬಿಡ್ರಿ,” ಅಂದರು ಒಮ್ಮೆ.

ಪರೀಕ್ಷೆಯ ದಿನ ಬಿಸಿಲಿತ್ತು, ಅಥವಾ ನಾನು ಬಿಸಿಲು ಬೇಕೆಂದು ಇಟ್ಟಿದ್ದೇನೆ. ಎಲ್ಲರ ತಟ್ಟೆಗಳೂ ಪೆಟ್ಟಿಗೆಯೊಳಗೆ ಹೋದವು. ಅವರು ಬಾಗಿಲ ಮುಂದೆ ನಿಂತು ಅಂಗೈ ಉಜ್ಜಿಕೊಳ್ಳುತ್ತಿದ್ದರು. ಮೇಡಂ ನೋಡಿದರು, ಏನನ್ನೋ ಲೆಕ್ಕ ಹಾಕಿದರು.

“ರೀ, ಇಲ್ಬನ್ನಿ. ಆ ಸಿಂಕಲ್ಲಿರೋ ಪಾತ್ರೆ ಅಷ್ಟೂ ತೊಳೀಬೇಕು. ನೀವೇ.”

“ಇವತ್ತ ಪರೀಕ್ಷಾ ಐತ್ರಿ ಮೇಡಂ.”

“ಅದಕ್ಕೇ ಹೇಳಿದ್ದು. ಒಂದು ಜಿಡ್ಡಿನ ಕಲೆ ಕಂಡ್ರೂ ಮಾರ್ಕ್ಸ್ ಕಟ್.”

ಅವರು ತೊಳೆದರು. ಇಡೀ ತರಗತಿಯ ಬೋಗುಣಿ, ತಟ್ಟೆ, ಸೌಟು. ಬೆಳಕಿಗೆ ಹಿಡಿದು ನೋಡಿ, ಮತ್ತೆ ತೊಳೆದು, ಸಾಲಾಗಿ ಕವುಚಿಟ್ಟರು. ಕಲೆ ಹುಡುಕುವುದರಲ್ಲಿ ಎಷ್ಟು ಮುಳುಗಿದ್ದರೆಂದರೆ, ಅವರ ತಟ್ಟೆಯನ್ನು ಮೇಡಂ ಹೊರಗೆ ತೆಗೆದು ಒಲೆಗೆ ಇಡಿಸಿದಾಗಲೂ ಕೈಯಲ್ಲಿ ಸೋಪಿನ ನೊರೆಯಿತ್ತು.

ಬೆಂದು ಬಂದಾಗ ಒಂದು ದೊಡ್ಡದು, ಪಕ್ಕದ್ದು ಚಿಕ್ಕದು, ಅಂಚಿನ ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು.

“ಸೈಜ್ ಒಂದ ಇಲ್ರಿ,” ಅವರ ದನಿ ಇಳಿದಿತ್ತು.

ಮೇಡಂ ಒಂದನ್ನು ಮುರಿದರು. ಒಳಗೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಡಿಸಿಕೊಂಡಿತು. ಬಾಯಿಗೆ ಹಾಕಿಕೊಂಡು, ಇನ್ನೊಂದು ಚೂರನ್ನೂ ಹಾಕಿಕೊಂಡರು. “ತಿನ್ನೋರು ಸೈಜ್ ಕೇಳಲ್ಲ ಕಣ್ರೀ. ಪಾಸು, ಹೋಗಿ.”

ನನ್ನವೂ ಪಾಸಾದವು. ಅವು ಹೇಗಿದ್ದವೋ ಚೂರೂ ನೆನಪಿಲ್ಲ.

ಉಳಿದ ಬನ್ನುಗಳನ್ನು ಕವರಿಗೆ ತುಂಬಿಕೊಂಡು ಬಸ್ಸು ಹತ್ತಿದೆವು. ಅವು ಇನ್ನೂ ಬಿಸಿ. ಮುಂದಿನ ಸೀಟಿನ ಹೆಂಗಸು ತಿರುಗಿ, “ಎಲ್ಲಿ ತಗೊಂಡ್ರಣ್ಣ? ಯಾವ್ ಅಂಗ್ಡಿ?” ಅಂದರು. ಅವರು, “ನಂದ ರೀ,” ಅಂದು ಒಂದು ಕೊಟ್ಟರು. ಪಕ್ಕದವರಿಗೆ ಒಂದು. ಹಿಂದೆ ಕಾಲೇಜು ಹುಡುಗರು, “ಸಕ್ಕತ್ ವಾಸ್ನೆ ಗುರು,” ಅಂದದ್ದಕ್ಕೆ ಅವರಿಗೂ. ಕಂಡಕ್ಟರ್ ಕೇಳದೆಯೇ ಕೈ ಹಾಕಿದರು. ಜಾಲಹಳ್ಳಿ ಕ್ರಾಸ್ ಬರುವಷ್ಟರಲ್ಲಿ ಕವರು ಖಾಲಿ.

ಆಗ ಹೆಂಡತಿಗೆ ಫೋನು ಮಾಡಿದರು. ಬಸ್ಸಿನ ಗಲಾಟೆಗೆ ಸ್ಪೀಕರ್ ಹಾಕಿದರು.

“ಪಾಸಾದೆ.”

“ಖರೇನ? ಬನ್ ತಗೊಂಡ್ ಬಾ, ನೋಡೂಣು.”

“ಎಲ್ಲಾ ಹೋದುವು.”

“ಮಾರಿದೇನು?”

“ಇಲ್ಲ, ಹಂಗ ಕೊಟ್ಟೆ.”

ಆಮೇಲಿನದ್ದನ್ನು ನಾನು ಕಟ್ಟಿಲ್ಲ, ಅರ್ಧ ಬಸ್ಸು ಕೇಳಿಸಿಕೊಂಡಿತು.

“ಹಂಗಾದ್ರ ಗಲ್ಲಾದ ಮುಂದ ನಾನ ಕುಂದರ್ತೀನಿ. ನೀ ಒಳಗ ಇರು, ಹೊರಗ ಬರಬ್ಯಾಡ.”